ಎದೆ ಸಣ್ಣದಾದರೆ ಹಾಲು ಕಡಿಮೆಯಾ?

ಹೋದ ವರ್ಷ ನನ್ನ ತಂಗಿ ಬಾಣಂತನಕ್ಕೆ ಹಾವೇರಿಗೆ ಬಂದಿದ್ದಳು. ಕೂಸು ಹುಟ್ಟಿ ಎರಡನೇ ದಿನ. ನೋಡಲು ಬಂದ ಹಿರಿಯರೊಬ್ಬರು ಅವಳ ಎದುರಿಗೇ ಅಂದುಬಿಟ್ಟರು: "ಎದಿನ ಇಲ್ಲ ಈಕಿಗೆ, ಹಾಲ ಎಲ್ಲಿಂದ ಬರಬೇಕು?" ಸಂಜೆಯೊಳಗೆ ಹಾಲಿನ ಪುಡಿ ಡಬ್ಬಿ ಮನೆಗೆ ಬಂತು. ತಂಗಿ ಗೋಡೆ ಕಡೆ ಹೊರಳಿ ಅತ್ತಳು. ಆ ಮಾತಿಗೆ ನನಗೆ ಇನ್ನೂ ಸಿಟ್ಟಿದೆ. ಅದು ನೋವಿನ ಮಾತು ಅಷ್ಟೇ ಅಲ್ಲ, ತಪ್ಪು ಮಾತು.

ಮೊಲೆ ದೊಡ್ಡದೋ ಸಣ್ಣದೋ ಅನ್ನುವುದು ಹೆಚ್ಚಾಗಿ ಒಳಗಿನ ಕೊಬ್ಬಿನ ಲೆಕ್ಕ. ಹಾಲು ಮಾಡುವುದು ಕೊಬ್ಬಲ್ಲ, ಗ್ರಂಥಿಗಳು. ಒಂದೊಂದು ಮೊಲೆಯಲ್ಲಿ ಸುಮಾರು 15ರಿಂದ 20 ಭಾಗಗಳಿರುತ್ತವೆ. ಒಳಗೆ ಜೋಳದ ತೆನೆಯ ಹಾಗೆ, ಸಣ್ಣ ಕಡ್ಡಿಗೆ ಕಾಳು ಹತ್ತಿದಂತೆ, ನಾಳಗಳ ತುದಿಗೆ ಹಾಲಿನ ಚೀಲಗಳು. ಹರೆಯದಲ್ಲಿ ಶುರುವಾದ ಈ ಬೆಳವಣಿಗೆ ಪೂರ್ತಿಯಾಗುವುದು ಬಸಿರಿನಲ್ಲೇ.

ಮಾಸು ಬಿದ್ದ ಮೇಲೆ, ಅಲ್ಲಿವರೆಗೆ ಹಾಲನ್ನು ತಡೆದಿದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಸಾಮಾನ್ಯವಾಗಿ 2ರಿಂದ 4 ದಿನದಲ್ಲಿ ಹಾಲು ತುಂಬಿ ಬರುತ್ತದೆ. ಅಲ್ಲಿವರೆಗೆ ಬರುವುದು ದಪ್ಪನೆಯ ಹಳದಿ ಹಾಲು, ಚಮಚದ ಲೆಕ್ಕದಲ್ಲಿ. ಆರೋಗ್ಯವಾಗಿರುವ ಕೂಸಿಗೆ ಅಷ್ಟು ಸಾಕು. ಎಮ್ಮೆ ಈದರೆ ಗಿಣ್ಣ ಮಾಡಿ ಓಣಿಗೆಲ್ಲ ಹಂಚುವ ನಾವು, ಮಗಳ ಮೊದಲ ಹಾಲನ್ನು ಹಿಂಡಿ ಚೆಲ್ಲಿಸುತ್ತೇವೆ. ಇದು ಯಾವ ನ್ಯಾಯ?

ಕೂಸು ಚೀಪಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲು ಹುಟ್ಟಿಸುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಅದನ್ನು ಹೊರಗೆ ನೂಕುತ್ತದೆ. ಮೊಲೆ ಖಾಲಿಯಾದಷ್ಟೂ ಜಾಸ್ತಿ ಹಾಲು. ಸುಮ್ನೆ ಪುಡಿ ಹಾಲು ಕುಡಿಸಿದರೆ ಕೂಸು ಚೀಪುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ. ಆಮೇಲೆ "ನೋಡು, ಹೇಳಿರಲಿಲ್ವಾ?" ಅನ್ನುತ್ತಾರೆ! ಕೆಲವರಿಗೆ ನಿಜವಾಗಿಯೂ ಹಾಲು ಸಾಲದೇ ಇರಬಹುದು. ಅದನ್ನು ಕೂಸಿನ ತೂಕ, ಉಚ್ಚೆ ನೋಡಿ ಡಾಕ್ಟರ್ ಹೇಳಬೇಕು. ಎದೆಯ ಅಳತೆ ನೋಡಿ ಓಣಿಯವರಲ್ಲ.

ಮೂರನೇ ದಿನ ತಂಗಿಯ ಕಂಕುಳಲ್ಲಿ ಬಾವು ಬಂತು. ಅವ್ವ ಗಡ್ಡೆ ಎಂದು ಹೆದರಿದಳು. ನರ್ಸ್ ಮುಟ್ಟಿ ನೋಡಿ ಹೇಳಿದರು: ಮೊಲೆಯ ಭಾಗ ಬಾಲದಂತೆ ಕಂಕುಳವರೆಗೂ ಹೋಗಿರುತ್ತದೆ, ಹಾಲು ತುಂಬುವಾಗ ಅದೂ ಊದುತ್ತದೆ. ಕೆಲವು ದಿನದಲ್ಲಿ ಇಳಿಯಿತು. ಇಳಿಯದ ಗಂಟಿದ್ದರೆ ಮಾತ್ರ ನಾಚಿಕೊಳ್ಳದೆ ತೋರಿಸಬೇಕು. ಬಾಣಂತಿಯಾಗಲಿ, ಅಜ್ಜಿಯಾಗಲಿ. ಗಂಡಸರೂ ಅಷ್ಟೇ, ಅವರಿಗೂ ಎದೆಯಲ್ಲಿ ಸ್ವಲ್ಪ ಗ್ರಂಥಿ ಇರುತ್ತದೆ.

ಆ ಮೂರನೇ ದಿನದ ರಾತ್ರಿ ತಂಗಿ ಎರಡು ತಾಸಿಗೊಮ್ಮೆ ಕೂಸನ್ನು ಎದೆಗೆ ಹಾಕಿಕೊಂಡಳು. ನಾಲ್ಕನೇ ದಿನ ಬೆಳಿಗ್ಗೆ ಕುಪ್ಪಸ ತೊಯ್ದಿತ್ತು. ಬರುವ ತಿಂಗಳು ಚಿಕ್ಕಮ್ಮನ ಮಗಳಿಗೆ ಗದಗಿನಲ್ಲಿ ಹೆರಿಗೆ. ಈ ಸಲ ಪುಡಿ ಡಬ್ಬಿಗಿಂತ ಮೊದಲು ನಾನು ಆ ಮನೆಯಲ್ಲಿರುತ್ತೇನೆ.