ಡೂಮ್ ಮಾಡ್‌ಗೆ ಎಂಪಿ3 ಹಾಕಬೇಡಿ ಮಾರಾಯ್ರೇ

ಡೂಮ್ ಅನ್ನುವ ಕಂಪ್ಯೂಟರ್ ಆಟಕ್ಕೆ ನಾನೊಂದು ಮಾಡ್, ಅಂದರೆ ಆಟಕ್ಕೆ ಅಭಿಮಾನಿಗಳು ತಾವೇ ಮಾಡಿ ಸೇರಿಸುವ ಬದಲಾವಣೆ, ಮಾಡ್ತಾ ಇದ್ದೇನೆ. ಹೌದು, 1993ರ ಅದೇ ಡೂಮ್. ನಗುವವರು ನಕ್ಕು ಮುಗಿಸಿ. ಅದರ ಒಂದು ಲೆವೆಲ್‌ಗೆ ಮೃದಂಗ, ಮೋರ್ಸಿಂಗ್ ಸೇರಿಸಿ ಆದಿತಾಳದಲ್ಲಿ ಎರಡು ನಿಮಿಷದ ತುಣುಕು ರೆಕಾರ್ಡ್ ಮಾಡಿ, ಎಂಪಿ3 ಮಾಡಿ ಹಾಕಿದ್ದೆ. ಆಟದಲ್ಲಿ ಸಂಗೀತ ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಗ್ತದೆ. ನನ್ನ ಕಿವಿಗೆ ಎಲ್ಲ ಸರಿಯೇ ಇತ್ತು. ವೀಣೆ ಪಾಠ ಹೇಳುವ ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿ, "ಅಲ್ಲ ಮಾರಾಯ, ಸುತ್ತು ಮುಗಿದು ಸಮಕ್ಕೆ ಬರುವಾಗ ಎಡವ್ತದಲ್ಲ ಇದು?" ಅಂದರು.

ಎಡವಿಸಿದ್ದು ಎಂಪಿ3. ಅದು ಧ್ವನಿಯನ್ನು 1152 ಸ್ಯಾಂಪಲ್‌ಗಳ (ಧ್ವನಿಯನ್ನು ಕ್ಷಣ ಕ್ಷಣಕ್ಕೆ ಅಳೆದ ಅಂಕಿಗಳ) ಕಟ್ಟುಗಳಾಗಿ ಕಟ್ಟಿಡ್ತದೆ. 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ, ಒಂದು ಕಟ್ಟು ಅಂದರೆ ಸುಮಾರು 26 ಮಿಲಿಸೆಕೆಂಡ್. ಕೊನೆಯ ಕಟ್ಟು ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ಸುರೀತದೆ. ಸಾಲದ್ದಕ್ಕೆ ಶುರುವಿನಲ್ಲೂ ಒಂದಿಷ್ಟು ಮೌನ ಸೇರ್ತದೆ. ಎಷ್ಟು ಸೇರಿಸಿದ್ದೇನೆ ಅಂತ ಎಂಪಿ3 ಮಾಡಿಕೊಡುವ ಲೇಮ್ ಎನ್ನುವ ತಂತ್ರಾಂಶ ಫೈಲಿನಲ್ಲೇ ಬರೆದಿಡ್ತದೆ ನಿಜ, ಆದರೆ ಅದನ್ನು ಓದಿ ಕತ್ತರಿಸುವ ತಾಳ್ಮೆ ಆಟ ಓಡಿಸುವ ಎಲ್ಲ ಗೇಮ್ ಎಂಜಿನ್‌ಗೂ ಇಲ್ಲ. ಬಸ್ಸಲ್ಲಿ ಕೂತು ಹಾಡು ಕೇಳುವವರಿಗೆ ಇದು ಲೆಕ್ಕಕ್ಕೇ ಬರೋದಿಲ್ಲ. ತಾಳ ಹಿಡಿದವರಿಗೆ ಬರ್ತದೆ.

ನಾನು ಮೊದಲು ಮಾಡಿದ ದಡ್ಡತನ ಹೇಳ್ತೇನೆ: ಅದೇ ಎಂಪಿ3ಯನ್ನು ಓಗ್ ವೋರ್ಬಿಸ್‌ಗೆ (ಎಂಪಿ3ಯ ಹಾಗೇ ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುವ ಇನ್ನೊಂದು ಫಾರ್ಮ್ಯಾಟ್) ಬದಲಾಯಿಸಿದೆ. ಮೌನವೂ ಹಾಗೇ ಬಂತು, ಎರಡೆರಡು ಸಲ ಹಿಂಡಿದ್ದಕ್ಕೆ ಮೋರ್ಸಿಂಗ್ ಸ್ವರ ಇನ್ನಷ್ಟು ಕೆಟ್ಟಿತು. ರೆಕಾರ್ಡ್ ಮಾಡಿದ, ಧ್ವನಿಯಲ್ಲಿ ಏನೂ ಕಳೆದುಹೋಗದ ಮೂಲ ವೇವ್ ಅಥವಾ ಫ್ಲ್ಯಾಕ್ ಫೈಲ್ ಅಳಿಸಬೇಡಿ ಅಂತ ಹೇಳೋದು ಇದಕ್ಕೇ. ಅದರಿಂದ ನೇರ ಓಗ್ ಮಾಡಿದರೆ ಶುರು, ಕೊನೆ ಎರಡೂ ಒಂದು ಸ್ಯಾಂಪಲ್ ಆಚೀಚೆ ಆಗದೆ ಕೂರ್ತವೆ. ಡೂಮನ್ನು ಇಂದಿನ ಕಂಪ್ಯೂಟರುಗಳಲ್ಲಿ ಆಡಿಸುವ ಜೀಝಡ್‌ಡೂಮ್‌ನಲ್ಲಾದರೆ ಲೂಪ್ (ಮತ್ತೆ ಮತ್ತೆ ಸುತ್ತುವ ಭಾಗ) ಎಲ್ಲಿಂದ ಎಲ್ಲಿಗೆ ಅಂತ ಓಗ್ ಫೈಲಿನ ಟ್ಯಾಗ್‌ನಲ್ಲೇ ಬರೆಯಬಹುದು. ಪೀಠಿಕೆಯ ಆಲಾಪ ಒಂದೇ ಸಲ ಬಂದು, ಆಮೇಲೆ ತಾಳದ ಭಾಗ ಮಾತ್ರ ಸುತ್ತುತ್ತಾ ಇರ್ತದೆ.

ಎಂಪಿ3ಗೆ ಪೇಟೆಂಟ್ ಉಂಟಲ್ಲ ಅಂತ ಈಗಲೂ ಕೆಲವರು ಹೆದರಿಸ್ತಾರೆ. ಅದು 2017ಕ್ಕೇ ಮುಗಿದ ಕಥೆ.

ಹಾಗಾದರೆ ವೇವ್ ಫೈಲನ್ನೇ ಹಾಕಿಬಿಡೋಣ ಅನ್ನುವವರು ಸ್ವಲ್ಪ ಲೆಕ್ಕ ಹಾಕಿ. ಸಿಡಿ ಗುಣಮಟ್ಟದ ಸ್ಟೀರಿಯೋ ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಮೂರು ನಿಮಿಷದ ಒಂದೇ ತುಣುಕು 30 ಎಂಬಿ. 1994ರಲ್ಲಿ ಬಂದ ಡೂಮ್ 2ರ ವ್ಯಾಡ್ ಫೈಲ್ (ಆಟದ ಸಾಮಗ್ರಿಯೆಲ್ಲ ಇರುವ ಕಡತ), ಅದರ 32 ಲೆವೆಲ್, ರಾಕ್ಷಸರು, ಸದ್ದು, ಸಂಗೀತ ಎಲ್ಲ ಸೇರಿ, ಸುಮಾರು 14 ಎಂಬಿ!

ಅಷ್ಟರಲ್ಲಿ ಎಲ್ಲ ಹಿಡಿಸಿದ್ದು ಹೇಗೆ? ಅದರ ಸಂಗೀತ ಧ್ವನಿಯೇ ಅಲ್ಲ, ಸ್ವರಪ್ರಸ್ತಾರ. ಮಿಡಿಯ ಹತ್ತಿರದ ಸಂಬಂಧಿ ಮಸ್ ಅನ್ನುವ ಫಾರ್ಮ್ಯಾಟ್. ಯಾವ ವಾದ್ಯ, ಯಾವ ಸ್ವರ, ಎಷ್ಟು ಹೊತ್ತು ಅಂತ ಬರೆದಿಟ್ಟಿರ್ತದೆ ಅಷ್ಟೇ, ನುಡಿಸುವುದು ಕೇಳುವವನ ಯಂತ್ರ. ನಿಜ ಹೇಳಬೇಕಂದರೆ ಡೂಮ್‌ಗೆ ನನ್ನ ಮೊದಲ ಆಯ್ಕೆ ಈಗಲೂ ಮಿಡಿಯೇ. ಕೆಲವು ಹತ್ತು ಕೆಬಿಯಲ್ಲಿ ಮುಗೀತದೆ, ಲೂಪ್‌ನ ತಲೆನೋವೂ ಕಡಿಮೆ. ನನ್ನ ಕಂಪ್ಯೂಟರಲ್ಲಿ ಗಿಟಾರ್ ಆದದ್ದು ನಿಮ್ಮಲ್ಲಿ ಸೊಳ್ಳೆ ಆಗಬಹುದು, ಅದು ಸೌಂಡ್‌ಫಾಂಟ್‌ನ, ಅಂದರೆ ಆ ಯಂತ್ರದಲ್ಲಿರುವ ವಾದ್ಯಧ್ವನಿಗಳ ಸಂಗ್ರಹದ, ಹಣೆಬರಹ. ನನಗದು ಇಷ್ಟವೇ.

ನಮ್ಮ ಸಂಗೀತಕ್ಕೆ ಮಾತ್ರ ಮಿಡಿ ಇಕ್ಕಟ್ಟು. ಜನರಲ್ ಮಿಡಿಯ 128 ವಾದ್ಯಗಳ ಪಟ್ಟಿಯಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆ ಇಲ್ಲ, ಮೃದಂಗ ಇಲ್ಲ. ಗಮಕಕ್ಕೆ ಸ್ವರವನ್ನು ಮೇಲೆ ಕೆಳಗೆ ಎಳೆಯುವ ಪಿಚ್ ಬೆಂಡ್ ಉಂಟು. ಆದರೆ ಅದು ಮಾಮೂಲಿಯಾಗಿ ಎರಡು ಅರ್ಧಸ್ವರದಷ್ಟೇ ಎಳೀತದೆ, ಎಳೆದರೆ ಆ ಚಾನೆಲ್‌ನ (ಒಂದು ಸಲಕ್ಕೆ ಒಂದು ವಾದ್ಯ ನುಡಿಯುವ ಸಾಲಿನ) ಎಲ್ಲ ಸ್ವರಗಳನ್ನೂ ಒಟ್ಟಿಗೇ ಎಳೀತದೆ. ತಂತಿ ಮೀಟಿದ ಮೇಲೆ ಶ್ರುತಿ ಸ್ವರ ಹಾಗೇ ನಿಲ್ಲಬೇಕು ಅಂದರೆ ಅದಕ್ಕೆ ಬೇರೆ ಚಾನೆಲ್ಲೇ ಕೊಡಬೇಕು.

ಹಾಗಾಗಿ ನನ್ನ ಮಾಡ್‌ನಲ್ಲಿ ಆರು ಲೆವೆಲ್‌ಗೆ ಮಿಡಿ, ಆ ಒಂದಕ್ಕೆ ಓಗ್. 1993ರ ಮೂಲ ಆಟಕ್ಕೆ ಓಗ್ ಗೊತ್ತಿಲ್ಲ, ಆ ಹಟದಲ್ಲಿ ಆಡುವವರಿಗೆ ಬೇರೆ ಮಿಡಿ ಆವೃತ್ತಿ ಕೊಡ್ತೇನೆ.

ಮೊನ್ನೆ ಚಿಕ್ಕಮ್ಮನಿಗೆ ಓಗ್ ಕೇಳಿಸಿದೆ. ತೊಡೆ ಮೇಲೆ ತಾಳ ಹಾಕುತ್ತಾ ಎರಡು ಸುತ್ತು ಕೇಳಿದರು. "ಈಗ ಎಡವೂದಿಲ್ಲ. ಮೃದಂಗದ ಶ್ರುತಿ ಮಾತ್ರ ಸ್ವಲ್ಪ ಕೆಳಗುಂಟು." ಭಾನುವಾರ ಮತ್ತೆ ರೆಕಾರ್ಡಿಂಗ್.