ನಡಾವಳಿ ಪುಸ್ತಕಕ್ಕೆ ಬಾರದ ತಂತ್ರಾಂಶ

ಜರ್ಮನಿಯಲ್ಲಿ ಏಳು ಜನ ಸೇರಿದರೆ ಒಂದು ಸಂಘವನ್ನು ನೋಂದಾಯಿಸಬಹುದು. ನಾನು ಸದಸ್ಯನಾಗಿರುವ ಸಂಘ ಅದಕ್ಕಿಂತ ತುಸು ದೊಡ್ಡದು, ಅಷ್ಟೇ. ಪತ್ರ ಬರೆಯಲು, ಲೆಕ್ಕ ಇಡಲು ಲಿಬ್ರೆಆಫೀಸ್, ಕಡತಗಳನ್ನು ಕಾಪಿಡಲು ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶಗಳನ್ನು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳನ್ನು, ಬಳಸೋಣವೆಂದು ತೀರ್ಮಾನಿಸಲು ಆ ಪುಟ್ಟ ಸಂಘ ಒಂದೂವರೆ ವರ್ಷ ತೆಗೆದುಕೊಂಡಿತು. ಸಭೆಯ ಮೇಲೆ ಸಭೆ, ಪ್ರತಿ ಸಭೆಗೂ ನಡಾವಳಿ. ಸರ್ವರ್ ಯಾರ ಹೆಸರಿನಲ್ಲಿರಬೇಕು, ಅವರು ಊರು ಬಿಟ್ಟರೆ ಯಾರು ನೋಡಿಕೊಳ್ಳಬೇಕು ಎಂಬುದಕ್ಕೇ ಒಂದು ಇಡೀ ಸಂಜೆ ಹೋಯಿತು. ನನ್ನ ಸಹನೆ ಕೆಟ್ಟಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ನಾನು ದೂರದಿಂದಲೇ ನೆರವಾಗುತ್ತಿದ್ದ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಉತ್ಸಾಹಿ ತರುಣನೊಬ್ಬ ಎರಡೇ ದಿನಗಳಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಮುಕ್ತ ತಂತ್ರಾಂಶ ಹಾಕಿ ಮುಗಿಸಿದ. ನನಗೆ ಹೆಮ್ಮೆಯಾಯಿತು. ಹತ್ತು ತಿಂಗಳ ನಂತರ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಪಾಸ್‌ವರ್ಡ್ ಅವನ ನೆನಪಿನಲ್ಲಿತ್ತು, ಬ್ಯಾಕಪ್ ಅವನ ಲ್ಯಾಪ್‌ಟಾಪಿನಲ್ಲಿತ್ತು, ನಡಾವಳಿ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಹಳೆಯ ತಂತ್ರಾಂಶದ ಕಳ್ಳ ಪ್ರತಿಗಳು ಮರಳಿ ಬಂದವು. ಪುಕ್ಕಟೆ ಬಂದದ್ದಕ್ಕೆ ಬಾಳಿಕೆ ಎಲ್ಲಿಯದು ಎಂದು ಸಮಿತಿಯ ಹಿರಿಯರೊಬ್ಬರು ಹೇಳಿದರು. ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತದೆ, ಏಕೆಂದರೆ ಸೋತದ್ದು ತಂತ್ರಾಂಶವಲ್ಲ. ಯಾರೂ ಅದನ್ನು ಸಂಸ್ಥೆಯದೆಂದು ಬಗೆದಿರಲಿಲ್ಲ.

ಪುಕ್ಕಟೆ ಎಂಬ ಪದವೇ ನಮ್ಮ ದಾರಿ ತಪ್ಪಿಸುತ್ತದೆ. ಪರವಾನಗಿಗೆ ಹಣ ಕೊಡಬೇಕಾಗಿಲ್ಲ, ನಿಜ. ಆದರೆ ಸಿಬ್ಬಂದಿಗೆ ಕಲಿಸಬೇಕು, ಹಳೆಯ ಕಡತಗಳನ್ನು ಸಾಗಿಸಬೇಕು, ಸರ್ವರನ್ನು ಕಾಲಕಾಲಕ್ಕೆ ನವೀಕರಿಸಬೇಕು. ಜರ್ಮನ್ ಸಂಘ ಪರವಾನಗಿಯಲ್ಲಿ ಉಳಿದ ಹಣದ ಬಹುಭಾಗವನ್ನು ಮುಂಗಡಪತ್ರದಲ್ಲೇ ನಿರ್ವಹಣೆಗೆಂದು ತೆಗೆದಿರಿಸಿತು. ನಮ್ಮ ಸಂಸ್ಥೆಯ ಮುಂಗಡಪತ್ರದಲ್ಲಿ ಆ ಸಾಲು ಸೊನ್ನೆಯಾಯಿತು. ಎರಡು ಕ್ರಮಗಳ ಅಂತರವೆಲ್ಲ ಆ ಒಂದು ಸಾಲಿನಲ್ಲಿದೆ ಎಂದು ನನಗೆ ಅನಿಸುತ್ತದೆ.

ಇಲ್ಲಿಯವರು ಎಡವಿಲ್ಲ ಎಂದಲ್ಲ. ಮ್ಯೂನಿಕ್ ನಗರಾಡಳಿತ 2003ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಕಡೆಗೆ ಹೊರಳಲು ನಿರ್ಧರಿಸಿ, ಹತ್ತು ವರ್ಷಗಳಲ್ಲಿ ಸುಮಾರು 15,000 ಕಂಪ್ಯೂಟರುಗಳನ್ನು ಬದಲಾಯಿಸಿತು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಕಾರಣ ರಾಜಕೀಯವೋ ಆಡಳಿತದ ಗೊಂದಲವೋ ಎಂಬ ವಾದ ಇಂದಿಗೂ ನಿಂತಿಲ್ಲ. ಇತ್ತ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ಒಯ್ಯುವುದಾಗಿ ಸಾರಿತು. ಒಂದು ಸಲ ಬದಲಾಯಿಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಮಾತ್ರ ಇಲ್ಲಿ ಯಾರಿಗೂ ಉಳಿದಿಲ್ಲ.

ಇನ್ನು ನಮ್ಮದೇ ಆದ ಒಂದು ತೊಡಕು ಇದೆ. ಅದನ್ನು ಇಲ್ಲಿಯ ಗೆಳೆಯರಿಗೆ ವಿವರಿಸುವಷ್ಟರಲ್ಲಿ ನಾನು ಸೋತುಹೋದೆ. ನಮ್ಮ ಸಂಸ್ಥೆಯ ಇಪ್ಪತ್ತು ವರ್ಷಗಳ ವರದಿಗಳೆಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿವೆ. ಅಂಥ ಕಡತದಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನು. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ, ತೆರೆಯ ಮೇಲೆ ಅರ್ಥವಿಲ್ಲದ ಗೀಚು ಉಳಿಯುತ್ತದೆ. ಹೊಸ ತಂತ್ರಾಂಶ ನಮ್ಮ ಕಡತಗಳನ್ನು ಹಾಳುಮಾಡಿತು ಎಂದು ಸಿಬ್ಬಂದಿ ಗಾಬರಿಗೊಂಡದ್ದು ಸಹಜವೇ. ಅಸಲಿಗೆ ಆ ಬರಹ ಮೊದಲಿನಿಂದಲೂ ಕನ್ನಡವೆಂದು ಉಳಿದಿರಲೇ ಇಲ್ಲ, ಹಾಗಾಗಿ ಯೂನಿಕೋಡ್ ಕನ್ನಡದಲ್ಲಿ ಹೆಸರು ಟೈಪಿಸಿ ಹುಡುಕಿದರೆ ಸಿಗುತ್ತಿರಲಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುತ್ತಿರಲಿಲ್ಲ. ಪರಿವರ್ತಕಗಳಿವೆ. ಆದರೆ ಒತ್ತಕ್ಷರಗಳು, ಅಂಕಿಗಳು, ನಡುನಡುವೆ ಬರುವ ಇಂಗ್ಲಿಷ್ ಪದಗಳು ಅಲ್ಲಲ್ಲಿ ಕೆಡುತ್ತವೆ. ಯಾರಾದರೂ ಕುಳಿತು ತಿದ್ದಲೇಬೇಕು. ಕನ್ನಡದ ಸಂಸ್ಥೆಯೊಂದು ಮುಕ್ತ ತಂತ್ರಾಂಶಕ್ಕೆ ಬರುವ ಮೊದಲು ಮುಗಿಸಬೇಕಾದ ಕೆಲಸ ಇದು. ಇದಕ್ಕೆ ಹಣವನ್ನೂ ಸಮಯವನ್ನೂ ಎತ್ತಿಡದೆ ಹೊರಟರೆ ಮೊದಲ ವಾರವೇ ವಿಶ್ವಾಸ ಕಳೆದುಹೋಗುತ್ತದೆ.

ಇಷ್ಟೆಲ್ಲ ಪಾಡು ಏಕೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಹಣದ ಉಳಿತಾಯವಲ್ಲ. ಸ್ವಯಂಸೇವಾ ಸಂಸ್ಥೆಯ ಕಡತಗಳಲ್ಲಿ ದಾನಿಗಳ ವಿಳಾಸವಿರುತ್ತದೆ, ಫಲಾನುಭವಿಗಳ ಕಾಯಿಲೆ, ಸಾಲ, ಮನೆಯ ಜಗಳಗಳೂ ಇರುತ್ತವೆ. ಜನ ನಮ್ಮನ್ನು ನಂಬಿ ಹೇಳಿದ್ದು ಅದು. ತಂತ್ರಾಂಶ ಕಂಪನಿಗೆ ಕಟ್ಟುವ ಚಂದಾ ನಿಂತ ದಿನ ಬೀಗ ಬೀಳುವ ಪೆಟ್ಟಿಗೆಯಲ್ಲಿ ಅದನ್ನು ಇಡುವುದು ನನಗೆ ಒಪ್ಪಿಗೆಯಿಲ್ಲ. 2005ರಿಂದ ಬೆಳೆದುಬಂದ ಸಿವಿಸಿಆರ್‌ಎಂ ಎಂಬ ಮುಕ್ತ ತಂತ್ರಾಂಶ ಇಂಥ ಸಂಸ್ಥೆಗಳಿಗೆಂದೇ ರೂಪುಗೊಂಡದ್ದು: ಸದಸ್ಯತ್ವ, ದೇಣಿಗೆ, ರಸೀದಿ ಎಲ್ಲವನ್ನೂ ಸಂಸ್ಥೆಯ ಸ್ವಂತ ಸರ್ವರಿನಲ್ಲೇ ಇಟ್ಟುಕೊಳ್ಳಬಹುದು, ಬೇಡವಾದಾಗ ಮಾಹಿತಿಯನ್ನು ಹೊತ್ತು ಹೊರಡಬಹುದು.

ಜರ್ಮನ್ ಕ್ರಮದಲ್ಲಿ ನನಗೆ ಹಿಡಿಸದ ಒಂದು ಸಂಗತಿಯಿದೆ. ಇಲ್ಲಿ ಕೈಪಿಡಿ ಬರುವವರೆಗೆ ಯಾರೂ ಗುಂಡಿ ಒತ್ತುವುದಿಲ್ಲ. ನಮ್ಮಲ್ಲಿ ಲೆಕ್ಕ ಬರೆಯುವ ಅಕ್ಕ ಪಕ್ಕದ ಮೇಜಿನವರನ್ನು ಕೂಡಿಸಿಕೊಂಡು ಮಧ್ಯಾಹ್ನದೊಳಗೆ ಕಲಿಸಿಬಿಡುತ್ತಾರೆ. ಆ ಸಲುಗೆ ಯಾವ ತರಬೇತಿ ಶಿಬಿರದಲ್ಲೂ ಸಿಗದು.

ಈಗ ಎರಡನೆಯ ಪ್ರಯತ್ನ ಆರಂಭವಾಗಿದೆ, ಆ ಅಕ್ಕನ ಮುಂದಾಳ್ತನದಲ್ಲೇ. ಕಾರ್ಯಕಾರಿ ಸಮಿತಿಯ ಮುಂದಿಡುವ ಠರಾವಿನ ಕರಡನ್ನು ಮೊನ್ನೆ ಕಳುಹಿಸಿದ್ದರು. ಪಾಸ್‌ವರ್ಡ್‌ಗಳು ಯಾವ ಇಬ್ಬರ ಬಳಿ ಇರಬೇಕು, ಹಳೆಯ ವರದಿಗಳನ್ನು ಯೂನಿಕೋಡ್‌ಗೆ ತರಲು ವಾರಕ್ಕೆ ಎಷ್ಟು ತಾಸು, ನಿರ್ವಹಣೆಗೆ ಎಷ್ಟು ಹಣ ಎಂದು ಬರೆದಿದ್ದಾರೆ. ನಾನು ತಿದ್ದಿದ್ದು ಒಂದೇ ಪದ. 'ಪುಕ್ಕಟೆ ತಂತ್ರಾಂಶ' ಎಂದಿದ್ದಲ್ಲಿ 'ಮುಕ್ತ ತಂತ್ರಾಂಶ' ಎಂದು ಬರೆದು ಹಿಂದಿರುಗಿಸಿದ್ದೇನೆ.