ಸರ್ಜನ್ ಕೈಗೂ ಮಾರ್ಕ್ಸ್ ಹಾಕಬೇಕು

ನಮ್ಮೂರ ಕಡೆ ಆಪರೇಷನ್ ಅಂದ ಕೂಡಲೇ ಕೇಳುವ ಮೊದಲ ಮಾತು, "ಡಾಕ್ಟರ್ ಕೈಗುಣ ಹೇಗಿದೆಯಂತೆ?" ನಾನಿರುವ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಅದೂ ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಯಲ್ಲಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಹೀಗೆ ಅಳೆಯಬೇಕು ಅನ್ನುವುದು ನನ್ನ ಗಟ್ಟಿ ಅನಿಸಿಕೆ.

ಇಲ್ಲಿನ ಬೇರಿಯಾಟ್ರಿಕ್ ಸರ್ಜನ್‌ಗಳದ್ದು ರಾಜ್ಯಮಟ್ಟದ ಒಂದು ಒಕ್ಕೂಟವಿದೆ. ಯಾವ ಆಸ್ಪತ್ರೆಯಲ್ಲಿ ಯಾರಿಗೆ ಏನಾಯಿತು ಅನ್ನುವ ಲೆಕ್ಕವೆಲ್ಲ ಅಲ್ಲಿಗೆ ಹೋಗುತ್ತದೆ. ಈ ಒಕ್ಕೂಟದ 20 ಸರ್ಜನ್‌ಗಳು ತಾವು ಮಾಡಿದ ಗ್ಯಾಸ್ಟ್ರಿಕ್ ಬೈಪಾಸ್‌ನ, ಅಂದರೆ ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್‌ನ, ಒಂದೊಂದು ವಿಡಿಯೊ ಕೊಟ್ಟರು. ಕೈ ಯಾರದು ಎಂದು ಗೊತ್ತಾಗದ ಹಾಗೆ ಅವನ್ನು ಬೇರೆ ಸರ್ಜನ್‌ಗಳಿಗೆ ತೋರಿಸಿದರು. ಒಂದೊಂದನ್ನೂ ಕನಿಷ್ಠ 10 ಜನ ನೋಡಿ, 1ರಿಂದ 5ರವರೆಗೆ ಅಂಕ ಹಾಕಿದರು. ಕರುಳನ್ನು ಮೆತ್ತಗೆ ಹಿಡಿಯುತ್ತಾರಾ? ಉಪಕರಣ ಸುಮ್ನೆ ಅತ್ತಿತ್ತ ಓಡಾಡುತ್ತದಾ? ಒಂದು ಹಂತ ಮುಗಿದ ಮೇಲೆ ಮುಂದಿನದಕ್ಕೆ ತಡವರಿಸುತ್ತಾರಾ? ಇಂಥವನ್ನು ನೋಡಿದರು.

ಫಲಿತಾಂಶ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅಂಕದಲ್ಲಿ ಕೆಳಗಿನ ಕಾಲು ಭಾಗದಲ್ಲಿದ್ದ ಸರ್ಜನ್‌ಗಳ ರೋಗಿಗಳಲ್ಲಿ ಶೇ 14.5ರಷ್ಟು ಜನರಿಗೆ ತೊಡಕಾಗಿತ್ತು. ಮೇಲಿನ ಕಾಲು ಭಾಗದವರ ರೋಗಿಗಳಲ್ಲಿ ಇದು ಶೇ 5.2 ಮಾತ್ರ. ಸಾವಿನ ಪ್ರಮಾಣದಲ್ಲೂ ಅಂತರವಿತ್ತು. ಎಲ್ಲರೂ ಓದಿ ಪಾಸಾದವರೇ, ದಿನಾ ಇದೇ ಕೆಲಸ ಮಾಡುವವರೇ. ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಎಷ್ಟು ವರ್ಷದ ಅನುಭವ ಅನ್ನುವುದಕ್ಕೂ ಅಂಕಕ್ಕೂ ನಂಟು ಕಾಣಲಿಲ್ಲ. ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತಾರೆ ಅನ್ನುವುದಕ್ಕೆ ಇತ್ತು. ನಾವು ಬೋರ್ಡ್ ಮೇಲಿನ ಡಿಗ್ರಿ ನೋಡಿ, ತಲೆಗೂದಲು ಎಷ್ಟು ನರೆತಿದೆ ನೋಡಿ ನಂಬುತ್ತೇವೆ, ಅಲ್ವಾ?

ತರಬೇತಿಯಲ್ಲೂ ಇಲ್ಲಿ ಕೈಗೇ ಬೇರೆ ಪರೀಕ್ಷೆ. ಜನರಲ್ ಸರ್ಜನ್ ಆಗಬೇಕಾದರೆ ಲ್ಯಾಪರೊಸ್ಕೋಪಿಯ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್‌ನ, ಮೂಲ ಕೌಶಲ್ಯದ ಪರೀಕ್ಷೆ ಪಾಸಾಗಲೇಬೇಕು. ಎದುರಿಗೆ ಒಂದು ಪೆಟ್ಟಿಗೆ, ಒಳಗೆ ಕ್ಯಾಮೆರಾ. ಉದ್ದನೆಯ ಎರಡು ಇಕ್ಕಳ. ಗೂಟದ ಮೇಲಿರುವ ಪುಟ್ಟ ಬಿಲ್ಲೆಯನ್ನು ಒಂದು ಕೈಯ ಇಕ್ಕಳದಿಂದ ಎತ್ತಬೇಕು, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಬೇಕು, ಆಚೆ ಬದಿಯ ಗೂಟಕ್ಕೆ ಸಿಕ್ಕಿಸಬೇಕು. ಹೀಗೆ ಆರು ಬಿಲ್ಲೆ ಆ ಕಡೆಗೆ, ಮತ್ತೆ ಆರೂ ಈ ಕಡೆಗೆ. ಕಣ್ಣು ಪರದೆಯ ಮೇಲೆ, ಗಡಿಯಾರ ಓಡುತ್ತಿರುತ್ತದೆ. ಆಮೇಲೆ ಕತ್ತರಿಸುವುದು, ಪೆಟ್ಟಿಗೆಯೊಳಗೇ ಹೊಲಿದು ಗಂಟು ಹಾಕುವುದು. ನಮ್ಮಲ್ಲೂ ಇಂಥ ಪೆಟ್ಟಿಗೆಗಳಿವೆ. ಸರ್ಜನ್ ಆಗಲು ಎಂಎಸ್ ಓದುವ ಮೂರು ವರ್ಷದಲ್ಲಿ ಪ್ರತಿಯೊಬ್ಬರೂ ಅದರ ಮುಂದೆ ಕೂತು ಪಾಸಾಗಲೇಬೇಕು ಅನ್ನುವ ನಿಯಮ ಬರಲಿ.

ಇಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ತೂಕ ಇಳಿಸುವ ಆಪರೇಷನ್‌ಗೆ ಅರ್ಹರಾದವರಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಜನ ಮಾತ್ರ ಮಾಡಿಸಿಕೊಳ್ಳುತ್ತಾರೆ. ಎಷ್ಟೋ ವಿಮಾ ಕಂಪನಿಗಳು ಮೊದಲು ತಿಂಗಳುಗಟ್ಟಲೆ ಡಯಟ್ ಮಾಡಿ ತೋರಿಸಿ ಎನ್ನುತ್ತವೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಬಡವರು ಅಷ್ಟರಲ್ಲೇ ಸೋತುಹೋಗುತ್ತಾರೆ. ಇನ್ನು, ಕೈ ಚೆನ್ನಾಗಿದ್ದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ವಿಡಿಯೊ ಕೊಟ್ಟ ಅದೇ ಸರ್ಜನ್‌ಗಳ ರೋಗಿಗಳನ್ನು ಒಂದು ವರ್ಷದ ಮೇಲೆ ನೋಡಿದಾಗ, ತೂಕ ಇಳಿದದ್ದರಲ್ಲಿ ಅಂಥ ಅಂತರ ಇರಲಿಲ್ಲ. ಒಳ್ಳೆಯ ಕೈ ಮೊದಲ ತಿಂಗಳ ಅಪಾಯದಿಂದ ಕಾಪಾಡುತ್ತದೆ. ಆಮೇಲಿನ ಊಟ, ವಿಟಮಿನ್ ಮಾತ್ರೆ, ತಪ್ಪದೆ ಚೆಕಪ್, ಅದೆಲ್ಲ ಬೇರೆಯೇ ಕೆಲಸ.

ಹಿರಿಯ ಡಾಕ್ಟರಿಗೆ "ನಿಮ್ಮ ವಿಡಿಯೊ ಕೊಡಿ, ಅಂಕ ಹಾಕುತ್ತೇವೆ" ಅನ್ನುವುದು ನಮ್ಮಲ್ಲಿ ಸುಲಭವಲ್ಲ, ಬಲ್ಲೆ. ಇಲ್ಲಿಯೂ ಯಾರೂ ಬಲವಂತ ಮಾಡಿರಲಿಲ್ಲ. ಅವರಾಗಿಯೇ ಕೊಟ್ಟರು. ನಮ್ಮ ಸರ್ಜನ್‌ಗಳೂ ಕೊಡುತ್ತಾರೆ ಅನ್ನುವ ನಂಬಿಕೆ ನನಗಿದೆ. ಹೆಸರು ಗುಟ್ಟಾಗಿರಲಿ, ಅಂಕ ಅವರಿಗೆ ಮಾತ್ರ ತಿಳಿಯಲಿ.

ದಾವಣಗೆರೆಯ ನಮ್ಮ ಅತ್ತಿಗೆ ಈ ಆಪರೇಷನ್ ಮಾಡಿಸಿಕೊಳ್ಳಲು ಓಡಾಡುತ್ತಿದ್ದಾರೆ. ಡಾಕ್ಟರ್ ಹತ್ತಿರ ಕೇಳಿ ಎಂದು ನಾಲ್ಕು ಪ್ರಶ್ನೆ ಬರೆದು ಕಳಿಸಿದೆ. ಸರ್, ಈ ವರ್ಷ ನೀವೇ ಎಷ್ಟು ಮಾಡಿದ್ದೀರಿ? ಎಷ್ಟು ಜನರಿಗೆ ಹೊಲಿಗೆ ಸೋರಿತು? 30 ದಿನದೊಳಗೆ ಎಷ್ಟು ಜನ ಮತ್ತೆ ಅಡ್ಮಿಟ್ ಆದರು? ನನ್ನ ಆಪರೇಷನ್ ದಿನ ಉಪಕರಣ ಹಿಡಿಯುವವರು ಯಾರು? "ಹೀಗೆಲ್ಲ ಕೇಳಿದ್ರೆ ಬೇಜಾರು ಮಾಡ್ಕೋತಾರೇನೋ" ಎಂದರು ಅತ್ತಿಗೆ. ಮಾಡಿಕೊಂಡರೆ ಬೇರೆ ಡಾಕ್ಟರನ್ನು ನೋಡೋಣ ಅತ್ತಿಗೆ, ಎಂದೆ.